ಹೊಸಿಲು ದಾಟದ ಏಳು ಹತಾರ

ನಮ್ಮ ಯಜಮಾನರು ಓಬಳಪ್ಪ ಮೇಸ್ತ್ರಿ ತೀರಿಹೋಗಿ ಹನ್ನೊಂದು ವರ್ಷವಾಯಿತು. ಅವರ ಗಾರೆ ಕೆಲಸದ ಹತಾರಗಳಲ್ಲಿ ಒಂದನ್ನಾದರೂ ನಾನು ಹೊಸಿಲು ದಾಟಿಸಿದ್ದರೆ ಕೇಳಿ! ಬೇಡಿ ಬಂದವರಿಗೆಲ್ಲ ಇಲ್ಲ ಅಂದವಳು ನಾನು. ಅರಮನೆಯ ಖಜಾನೆಗೂ ಇಂಥ ಕಾವಲಿರಲಿಲ್ಲ. ಹೋದದ್ದು ಒಂದೇ, ರಸಮಟ್ಟ. ಗೋಡೆ ಸಮವಾಗಿದೆಯೇ ಎಂದು ಗಾಜಿನೊಳಗಿನ ಗುಳ್ಳೆ ನೋಡಿ ಹೇಳುವ ಗೇಣುದ್ದದ ಮರದ ಪಟ್ಟಿ ಅದು. ಅದನ್ನು ಕಳೆದವಳು ನಾನಲ್ಲ, ಪಕ್ಕದ ಮನೆಯ ಕರಿಯಕ್ಕ ನುಂಗಿದ್ದು. ಯಜಮಾನರು ಕಟ್ಟಿದ ಕೊನೆಯ ಗೋಡೆ ಅವಳದು. ಗೋಡೆ ಉಳಿಯಿತು, ರಸಮಟ್ಟ ಕಾಣಲಿಲ್ಲ. ಅಂದಿನಿಂದ ನಾನು ಅವಳೊಂದಿಗೆ ಮಾತು ಬಿಟ್ಟೆ.

ಮೊನ್ನೆ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಸೊಸೆ ಆಶಾ ಒಂದು ಚೀಟಿ ಹಿಡಿದು ಬಂದಳು. ಆರು ವರ್ಷದಿಂದ ಕಟ್ಟಡಗಳಲ್ಲಿ ಗಾರೆ ಬಾಂಡ್ಲಿ ಹೊರುತ್ತಾಳೆ. ಇಟ್ಟಿಗೆ ಕಟ್ಟುವುದನ್ನು ನೋಡಿ ನೋಡಿಯೇ ಕಲಿತಿದ್ದಾಳೆ.

“ಅತ್ತೆ, ಕುದಾಪುರದತ್ರ ಕಾಂಪೌಂಡ್ ಕೆಲ್ಸ ಐತೆ. ಏಳೂ ಹತಾರ ತಂದ್ರೆ ಗೋಡೆಗೆ ನಿಲ್ಲು, ಒಂದು ಕಮ್ಮಿ ಆದ್ರೂ ಬಾಂಡ್ಲಿ ಹೊರು ಅಂದಾರೆ ಮಹಾಂತೇಶ್ ಮೇಸ್ತ್ರಿ. ಎಂಟಕ್ಕೆ ಟೆಂಪೋ ಬರ್ತೈತೆ.”

“ಏಳಕ್ಕೇ ಚೀಲ ಕಟ್ಟಿ ಕೊಡ್ತೀನಿ. ಮೇಸ್ತ್ರಿ ಹೆಂಡ್ತಿ ಮನೇಲಿ ಹತಾರಕ್ಕೆ ಬರವಾ?” ಅಂದೆ.

ಚೀಟಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಕರಣೆ, ಸುತ್ತಿಗೆ, ಉಳಿ, ತೂಗುಗುಂಡು, ದಾರ, ಮೂಲೆಮಟ್ಟ, ರಸಮಟ್ಟ. ರಸಮಟ್ಟ ಒಂದು ಬಿಟ್ಟು ಉಳಿದ ಆರೂ ಎಲ್ಲೆಲ್ಲಿವೆ ಎಂದು ನನಗೆ ಕಣ್ಣು ಕಟ್ಟಿದರೂ ಗೊತ್ತು. ಆದರೆ ಅವು ಚೀಲದಲ್ಲಿರಲಿಲ್ಲ. ಒಂದೊಂದೂ ಮನೆಯಲ್ಲಿ ಒಂದೊಂದು ಹುದ್ದೆಯಲ್ಲಿದ್ದವು.

ಕರಣೆ ಒಲೆಯ ಮುಂದೆ ರೊಟ್ಟಿ ಮಗುಚುತ್ತಿತ್ತು. ತಿಕ್ಕಿ ತೊಳೆದು ಕೊಟ್ಟೆ. ಕೊಬ್ಬರಿ ಒಡೆಯುತ್ತಿದ್ದ ಸುತ್ತಿಗೆಯೂ ತಕರಾರಿಲ್ಲದೆ ಬಂತು. ಮೂಲೆಮಟ್ಟ ಡಬ್ಬಿಯ ಹಲಗೆಗೆ ಆನಿಕೆಯಾಗಿ ಗೋಡೆಯಲ್ಲಿತ್ತು. ಕಿತ್ತೆ. ಖಾರದ ಪುಡಿಯ ಡಬ್ಬಿ ನನ್ನ ತಲೆಯ ಮೇಲಿಂದ ಇಳಿದು ಹೋಯಿತು. ಸೀನುತ್ತಲೇ ತೂಗುಗುಂಡಿಗೆ ಕೈ ಹಾಕಿದೆ. ಅಡುಗೆಮನೆ ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿ ಎಂದು ಅದನ್ನು ಬಾಗಿಲಿಗೆ ತೂಗುಬಿಟ್ಟಿದ್ದೆ. ಬಿಚ್ಚಿದೆ. ಬಾಗಿಲು ಬಾಯಿ ತೆರೆದು ನಿಂತಿತು. ಉಳಿ ಮೇಕೆ ಗೂಡಿನ ಚಿಲಕವಾಗಿತ್ತು. ಎಳೆದೆ. ಮೇಕೆ ನನಗಿಂತ ಮೊದಲು ಹೊರಗೆ ಬಂತು.

“ಅತ್ತೆ, ಮೇಕೆ!”

“ಮೇಕೆ ಟೆಂಪೋ ಹತ್ತಲ್ಲ, ಬಿಡು. ದಾರ ಬಿಚ್ಚು.”

ದಾರ ಅಂಗಳದಲ್ಲಿ ಬಟ್ಟೆ ಹಾಕುವ ಹಗ್ಗವಾಗಿತ್ತು. ಅದರ ಮೇಲೆ ಅಂದು ಗಾಳಿಗೆ ಹಾಕಿದ್ದದ್ದು ನನ್ನ ಮದುವೆಯ ಮೊಳಕಾಲ್ಮೂರು ಸೀರೆ. ಆಶಾ ಗಂಟು ಬಿಚ್ಚಿದಳು. ಸೀರೆ ಸರಿಯಾಗಿ ಮೇಕೆಯ ಮೇಲೆ ಬಿತ್ತು. ಮೇಕೆ ಸೆರಗು ಹೊದ್ದು, ಮದುಮಗಳಂತೆ, ನೇರವಾಗಿ ಕರಿಯಕ್ಕನ ಮನೆ ಸೇರಿತು.

ಗಂಟೆ ಏಳೂವರೆ. ಆರು ಹತಾರ ಚೀಲದಲ್ಲಿ. ಆಶಾ ಮೂಲೆಯಲ್ಲಿದ್ದ ಹಳೆಯ ಬಾಂಡ್ಲಿಯ ಕಡೆ ಒಮ್ಮೆ ನೋಡಿದಳು.

ಅಷ್ಟರಲ್ಲಿ ಕರಿಯಕ್ಕ ಒಂದು ಕೈಯಲ್ಲಿ ಮೇಕೆಯ ಕಿವಿ, ಹೆಗಲ ಮೇಲೆ ನನ್ನ ಸೀರೆ ಹೊತ್ತು ಬಾಗಿಲಲ್ಲಿ ನಿಂತಳು. ಹೊಸಿಲು ದಾಟಲಿಲ್ಲ.

“ಆಶಾ, ಸೀರೆ ಹರಿದಿಲ್ಲ ಅಂತ ನಿಮ್ಮತ್ತೆಗೆ ಹೇಳು.”

“ಆಶಾ, ಸೀರೆ ಕೊಟ್ಟಂಗೆ ರಸಮಟ್ಟಾನೂ ಕೊಡು ಅಂತ ಆಯಮ್ಮಂಗೆ ಹೇಳು,” ಅಂದೆ. ಹೇಳಿ, ಮುಖ ತಿರುಗಿಸಿ ಮಂಚದ ಮೇಲೆ ಕೂತೆ.

ಕರಿಯಕ್ಕ ಸಿಟ್ಟಿನಲ್ಲಿ ಮೇಕೆಯ ಕಿವಿ ಬಿಟ್ಟಳು. ಮೇಕೆ ಮಂಚದಡಿ ನುಗ್ಗಿ, ಕಾಲಿಗೆ ಒತ್ತು ಕೊಟ್ಟಿದ್ದ ಬಟ್ಟೆಯ ಗಂಟನ್ನು ಕಚ್ಚಿ ಎಳೆಯಿತು. ಮಂಚ ವಾಲಿತು, ನಾನು ಜಾರಿ ನೆಲಕ್ಕೆ ಕೂತೆ. ಎದುರಿಗೇ ಆ ಗಂಟು. ಯಜಮಾನರ ಟವಲು. ಅವರು ತೀರಿಹೋದ ವಾರ ಮನೆ ತುಂಬ ಜನ, ಮಂಚ ಅಲ್ಲಾಡುತ್ತಿದೆ ಎಂದು ಕೈಗೆ ಸಿಕ್ಕಿದ್ದನ್ನು ತುರುಕಿದವಳು ನಾನೇ. ಬಿಚ್ಚಿದೆ. ರಸಮಟ್ಟ! ಗಾಜೂ ಒಡೆದಿರಲಿಲ್ಲ, ಗುಳ್ಳೆ ಒಳಗೆ ಆರಾಮಾಗಿ ಓಡಾಡುತ್ತಿತ್ತು.

ಹೊರಗೆ ಟೆಂಪೋ ಹಾರನ್ ಹೊಡೆಯಿತು. ಆಶಾ ಅದನ್ನು ಕಿತ್ತುಕೊಂಡು, ಚೀಲ ಹೊತ್ತು ಓಡಿದಳು.

ಉಳಿದವರು ನಾವಿಬ್ಬರು ಮತ್ತು ಮೇಕೆ.

“ಕರಿಯಕ್ಕ,” ಅಂದೆ. ಹನ್ನೊಂದು ವರ್ಷದ ಮೇಲೆ ಆ ಹೆಸರು ನನ್ನ ಬಾಯಿಗೆ ಬಂದಿತ್ತು. “ತಪ್ಪಾತು ಕಣಕ್ಕ.”

ಅವಳು ಸೀರೆಯನ್ನು ಹೊಸಿಲ ಮೇಲಿಟ್ಟು ಹೊರಟುಹೋದಳು.

ಸಂಜೆ ಆಶಾ ಬಂದಳು. ಕೈತುಂಬ ಸಿಮೆಂಟು, ಮುಖತುಂಬ ನಗು. “ಮೊಣಕಾಲೆತ್ತರ ಕಟ್ಟಿದೆ ಅತ್ತೆ. ಮೇಸ್ತ್ರಿ ರಸಮಟ್ಟ ಇಟ್ಟು ನೋಡಿದ್ರು. ಗುಳ್ಳೆ ನಟ್ಟ ನಡುವೆ ನಿಂತಿತ್ತು. ನಾಳೆಯಿಂದ ಗೋಡೆಗೇ ಬಾ ಅಂದ್ರು.”

“ಕರಣೆ ಒಂದನ್ನ ರಾತ್ರಿ ರೊಟ್ಟಿಗೆ ಕೊಡ್ತೀಯೇನೇ?” ಅಂದೆ.

“ಇಲ್ಲ,” ಅಂದಳು. ಥೇಟ್ ನನ್ನದೇ ದನಿ.

ಬೆರಳು ಸುಟ್ಟುಕೊಂಡು ರೊಟ್ಟಿ ಮಗುಚುತ್ತಿದ್ದಾಗ ಕರಿಯಕ್ಕ ಬಂದಳು. ಹೊಸಿಲು ದಾಟಿ ಒಳಗೇ ಬಂದಳು. ಬಗ್ಗಿ ಮಂಚದ ಕಾಲಿನಡಿ ಒಂದು ಇಟ್ಟಿಗೆ ಚೂರು ತುರುಕಿ, ಮೇಲೆ ಕೂತು, ಅಲ್ಲಾಡಿ ನೋಡಿದಳು.

“ಕಣ್ಬಿಟ್ಟು ನೋಡ್ಕೋ ರೇಣುಕ. ಇಟ್ಟಿಗೆ ಚೂರು ನಂದು, ಇಟ್ಟಿರೋದು ಇಲ್ಲಿ. ಇದು ಕಾಣೆಯಾದ್ರೆ, ಇನ್ನ ಹನ್ನೊಂದು ವರ್ಷ ಮಾತು ಬಿಡೋ ಸರದಿ ನಂದು.”

ದಿನಾ ಬೆಳಿಗ್ಗೆ ಎದ್ದ ತಕ್ಷಣ ಬಗ್ಗಿ ನೋಡುತ್ತೇನೆ. ಇದೆ.