ಲ್ಯಾಬಿನಲ್ಲಿ ಹಾಕಿದ ಟವೆಲ್

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯಲು ಬಾರದವರು ನಮ್ಮ ದೊಡ್ಡಬಳ್ಳಾಪುರ ಸೀಮೆಯಲ್ಲಿ ನಿಂತೇ ಮುದುಕರಾಗುತ್ತಾರೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಗಂಡ ಇದ್ದಾಗಲೂ ಟವೆಲ್ ಅವನದು, ಎಸೆತ ನನ್ನದು. ಓದು ಮಾತ್ರ ಹತ್ತಲಿಲ್ಲ. ಅಕ್ಷರ ಕೂಡಿಸುವಷ್ಟು ಬರುತ್ತದೆ, ಅದೂ ನಿಧಾನ.

ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಏಳುತ್ತಿದ್ದ ಕಾಲದಲ್ಲಿ ನಾನು ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದು ಕಸ ಗುಡಿಸುತ್ತಿದ್ದೆ. ಹಾಜರಿಯನ್ನೂ ಕಂಪ್ಯೂಟರಿನಲ್ಲೇ ಹಾಕಬೇಕೆಂದು ಹುಕುಂ ಆಗಿ ನನಗೂ ಒಂದು ಅಕೌಂಟು ಕೊಟ್ಟರು. ಹೆಸರು ಮುನಿಯಮ್ಮ, ಪಾಸ್‌ವರ್ಡ್ ನಮ್ಮ ಎಮ್ಮೆಯ ಹೆಸರು. ಹುಡುಕಿ ಹುಡುಕಿ ಒತ್ತಿದರೆ ಪರದೆ ತೆರೆದು ನನ್ನ ಹೆಸರು ತೋರಿಸುತ್ತಿತ್ತು. ನಮ್ಮ ಬೀದಿಯಲ್ಲಿ ಹೆಸರು ಕೇಳಿ ಯಂತ್ರ ಒಳಗೆ ಬಿಡುತ್ತಿದ್ದುದು ನನ್ನೊಬ್ಬಳನ್ನೇ.

ಕಟ್ಟಡದ ನಕ್ಷೆ ಬರೆಯುವ ಸಾಫ್ಟ್‌ವೇರ್ ಎಲ್ಲ ಯಂತ್ರಗಳಲ್ಲೂ ಇತ್ತು. ಆದರೆ ಅದರ ಲೈಸೆನ್ಸು ಒಂದೇ ಹೊತ್ತಿಗೆ ಇಪ್ಪತ್ತು ಯಂತ್ರಕ್ಕೆ. ನಂತರ ಬಂದವರು ಯಾರಾದರೂ ಮುಚ್ಚುವವರೆಗೆ ಕಾಯಬೇಕು. ಹಾಸ್ಟೆಲಿನವರು ಎದ್ದವರೇ ಬಂದು ತೆರೆದುಕೊಳ್ಳುತ್ತಿದ್ದರು. ಸಾಸಲು ಹಳ್ಳಿಯಿಂದ ಬರುವ ಸವಿತಾ ಮತ್ತವಳ ಗೆಳತಿಯರ ಬಸ್ಸು ರಸ್ತೆ ಅಗಲ ಮಾಡುವ ಧೂಳಿನಲ್ಲಿ ತೆವಳಿಕೊಂಡು ಬರುವಷ್ಟರಲ್ಲಿ ಎಲ್ಲ ಭರ್ತಿ.

"ಈ ಸಲ ನಕ್ಷೆ ಕೊಡ್ದಿದ್ರೆ ಫೇಲು ಅಜ್ಜಿ" ಎಂದು ಸವಿತಾ ಮೂಗೆಳೆದಳು.

"ಮೂಗೊರೆಸ್ಕೊ. ಯಾವ್ದನ್ನ ಒತ್ಬೇಕು ತೋರ್ಸು."

ಮರುದಿನದಿಂದ ಬೀಗ ತೆಗೆದವಳೇ ಕಿಟಕಿ ಪಕ್ಕದ ಯಂತ್ರಗಳಲ್ಲೆಲ್ಲ ನನ್ನ ಅಕೌಂಟಿನಿಂದ ಆ ಸಾಫ್ಟ್‌ವೇರ್ ತೆರೆದಿಡತೊಡಗಿದೆ. ಖಾಲಿ ಕುರ್ಚಿಗಳಿಗೆಲ್ಲ ನನ್ನ ಟವೆಲ್. ಹುಡುಗಿಯರು ಬಂದು ಕೂತು ನಿಶ್ಚಿಂತೆಯಿಂದ ಬರೆದರು. ಅಚ್ಚು ಹಾಕಿದಾಗ ಹಾಳೆಯ ಮೂಲೆಯಲ್ಲಿ ಅಕೌಂಟಿನ ಹೆಸರು ತಾನಾಗಿ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು?

"ಯಾರ್ರೀ ಈ ಮುನಿಯಮ್ಮ?" ಎಂದು ಮೇಷ್ಟ್ರು ಕ್ಲಾಸಿನಲ್ಲಿ ಕೇಳಿದರು. "ಆಸ್ಪತ್ರೆ, ಬಸ್ ನಿಲ್ದಾಣ, ಕಲ್ಯಾಣ ಮಂಟಪ, ಎಲ್ಲಾ ಇವ್ರೇ ಕಟ್ಟವ್ರೆ."

ದನದ ಕೊಟ್ಟಿಗೆ ಬಿಟ್ಟು ಬೇರೇನೂ ಕಟ್ಟದ ನಾನು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದೆ. "ನಾನೇ ಸಾರ್" ಎಂದೆ.

ನೆಟ್‌ವರ್ಕ್ ನೋಡಿಕೊಳ್ಳುವ ನಾಗರಾಜ ಸಾರ್ ಕರೆಸಿದರು. "ನಿಮ್ ಅಕೌಂಟ್ ತೆಗೆದುಬಿಡ್ತೀನಿ ಅಜ್ಜಿ. ಖಾಲಿ ಕುರ್ಚಿಗೆ ಲೈಸೆನ್ಸ್ ಹಿಡಿದಿಟ್ರೆ ಮಿಕ್ಕೋರು ಏನ್ ಮಾಡ್ಬೇಕು?"

ಹಾಜರಿಯನ್ನು ಹೇಗಾದರೂ ಹಾಕಬಹುದು. ಆ ಪರದೆಯ ಮೇಲೆ ಹೆಸರು ಹೋದರೆ ಮತ್ತೆ ಬರೀ ಕಸದವಳು. ಅದನ್ನು ಅವರಿಗೆ ಹೇಳಲು ನನಗೇನು ಹುಚ್ಚೇ? "ತೆಗೀರಿ ಸಾರ್" ಎಂದೆ. "ಹಾಸ್ಟೆಲ್ನೋರು ತೆರೆದಿಟ್ಟು ತಿಂಡಿಗೆ ಹೋಗ್ತಾರಲ್ಲ, ಅವ್ರ ಟವೆಲ್ಲೂ ತೆಗೀರಿ."

ಅವರು ತಮ್ಮ ಪರದೆಯಲ್ಲಿ ಯಾವ್ಯಾವ ಯಂತ್ರ ತೆರೆದು ಸುಮ್ಮನೆ ಕೂತಿದೆ ಎಂದು ಒಂದೊಂದಾಗಿ ನೋಡಿದರು. ಆಮೇಲೆ ನಕ್ಕರು.

ಮುಂದಿನ ವಾರ ನಿಯಮ ಬಂತು: ಒಬ್ಬರಿಗೆ ಒಂದೇ ಯಂತ್ರ, ಕಾಲು ಗಂಟೆ ಮುಟ್ಟದಿದ್ದರೆ ಸಾಫ್ಟ್‌ವೇರ್ ತಾನೇ ಮುಚ್ಚಿ ಲೈಸೆನ್ಸು ಬೇರೆಯವರಿಗೆ. ಹುಡುಗಿಯರು ತಮ್ಮ ತಮ್ಮ ಹೆಸರಿನಲ್ಲಿ ನಕ್ಷೆ ಕೊಟ್ಟು ಪಾಸಾದರು. ನನ್ನ ಅಕೌಂಟು ಉಳಿಯಿತು. ಯೂನಿವರ್ಸಿಟಿಗೆ ಕಾನೂನು ಮಾಡಿಸಿದವಳು ನಾನು ಎಂದು ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದೆ.

ಒಂದು ದಿನ ಲ್ಯಾಬಿನ ಬಾಗಿಲ ಬಳಿಯ ನನ್ನ ಸ್ಟೂಲಿನ ಮೇಲೆ ಟವೆಲ್ ಹಾಸಿ ಕಾಫಿಗೆ ಹೋದೆ. ಅಲ್ಲಿಯೂ ಅದೇ ಕಾನೂನಿನ ಕತೆ ಕೊಚ್ಚಿಕೊಂಡು ಹಿಂತಿರುಗಿದರೆ ಸ್ಟೂಲಿನ ಮೇಲೆ ಸವಿತಾ. ಟವೆಲ್ ನೀಟಾಗಿ ಮಡಚಿ ಕಿಟಕಿಯಲ್ಲಿಟ್ಟಿದ್ದಳು.

"ಕಾಲು ಗಂಟೆ ಮೇಲಾಯ್ತು ಅಜ್ಜಿ" ಎಂದಳು.

ನಾನು ಮಾಡಿಸಿದ ಕಾನೂನು. ನಿಂತುಕೊಂಡೆ.