ಮೂರು ಕುಟ್ಟಿನ ಮದ್ದು

ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಬೇಲಿಗಳ ಪರಿಚಯವೇ ಹೆಚ್ಚು! ಪೊಳಲಿಗೆ ಹೊರಟರೆ ನಾವು ದೇವಿಯನ್ನು ನೆನೆಯುತ್ತಿದ್ದೆವು, ಅವರು ದಾರಿಯಲ್ಲಿ ಸಿಗುವ ಮರೆಗಳನ್ನು. ಅರ್ಧ ಗಂಟೆಗೊಮ್ಮೆ ‘ಒಂದಕ್ಕೆ’ ಹೋಗಲೇಬೇಕಾದವರು ಇನ್ನೇನು ಮಾಡಿಯಾರು?

ಘಟ್ಟದ ಮೇಲಿಂದ ಬೆಳ್ತಂಗಡಿಗೆ ಮೇಷ್ಟ್ರಾಗಿ ಬಂದು, ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅಮ್ಮನನ್ನೂ ಸಾಕಿದವರು ಅವರು. ನನ್ನ ಮದುವೆ ನಿಶ್ಚಯವಾದಾಗ ಧಾರೆ ಎರೆಯಬೇಕಾದವರೂ ಅವರೇ. ಗಂಡಿನ ಕಡೆಯವರೋ ಶಾಸ್ತ್ರದಲ್ಲಿ ಬಲು ಬಿಗಿ. ಧಾರೆಗೆ ಕೂತವರು ನಡುವೆ ಎದ್ದರೆ ಅಪಶಕುನವಂತೆ! ಮಾವನಿಗೆ ಊಟ ಸೇರದಾಯಿತು.

ಮದ್ದು ಶುರುವಾಯಿತು. ನೇರಳೆ ಬೀಜದ ಪುಡಿ, ನೆಲ್ಲಿಕಾಯಿ ರಸ, ನೆನೆಸಿದ ಮೆಂತೆ. ಎಳ್ಳು ಬೆಲ್ಲದ ಉಂಡೆ ಒಳ್ಳೆಯದೆಂದು ಯಾರೋ ಹೇಳಿದ್ದೇ ತಡ, ಒಂದೇ ದಿನ ಎಂಟು ನುಂಗಿದರು. ಬಾಯಾರಿಕೆ ತಡೆಯದೆ ಎರಡು ಚೆಂಬು ನೀರು ಕುಡಿದರು. ಆಮೇಲಿನದನ್ನು ನಾನು ಬಾಯಿಬಿಟ್ಟು ಹೇಳಬೇಕೇ?

ಕೊನೆಗೆ ಮುಂಡಾಜೆಯ ಮದ್ದಿನ ಅಜ್ಜಿಯ ಹತ್ತಿರ ಹೋದರು. ಅಜ್ಜಿಯದು ತುಳು ಬೆರೆತ ಕನ್ನಡ. ಘಟ್ಟ ಇಳಿದು ಇಪ್ಪತ್ತು ವರ್ಷವಾದರೂ ಮಾವನಿಗೆ ತುಳು ಹತ್ತಿರಲಿಲ್ಲ. ನಾಚಿಕೊಂಡು, ಅಜ್ಜಿಯ ಕಿವಿಯ ಬಳಿ ಬಗ್ಗಿ, “ಉಚ್ಚೆಯ ಉಪದ್ರವ” ಎಂದರಂತೆ.

“ಉಚ್ಚುವಾ? ಎಷ್ಟು ದಿನ ಆಯ್ತು ಮಾಸ್ಟ್ರೇ?”

“ಎರಡು ವರ್ಷ.”

“ಅಯ್ಯೋ ದೇವರೇ! ಮನೆ ಒಳಗೆ ಸಹ ಉಂಟಾ?”

“ಎಲ್ಲಿ ಹೋದರೂ ಇದೆ!”

ಅಜ್ಜಿ ಗಾಬರಿಯಾಗಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕೊಟ್ಟಳು. “ಇದನ್ನು ಕಾಲಿಗೆ ಹಚ್ಚಿ. ಕೋಲಿನಲ್ಲಿ ನೆಲಕ್ಕೆ ಮೂರು ಸಲ ಕುಟ್ಟಿ. ಅದರಷ್ಟಕ್ಕೆ ಹೋಗ್ತದೆ.”

ಅಂದಿನಿಂದ ಮನೆ ತುಂಬ ಬೆಳ್ಳುಳ್ಳಿ ವಾಸನೆ, ಟಕ್ ಟಕ್ ಟಕ್! “ಕಡಿಮೆ ಆಗ್ತಿದೆ ಕಣೇ” ಎಂದು ಮಾವ ಬೀಗಿದರು. ಮದುವೆಗೆ ವಾರವಿರುವಾಗ ಅಜ್ಜಿ ಬಂದು ಅಮ್ಮನನ್ನು ಕೇಳಿದಳು: “ಮಾಸ್ಟ್ರ ಉಚ್ಚು ಹೋಯ್ತಾ? ಹೆಡೆ ಇದ್ದದ್ದಾ?”

ತುಳುವಿನಲ್ಲಿ ಉಚ್ಚು ಎಂದರೆ ಹಾವು! ನಾವಿಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಆದರೆ ಮಾವನಿಗೆ ಹೇಳುವ ಧೈರ್ಯ ಯಾರಿಗಿತ್ತು? ಇದ್ದೊಂದು ನಂಬಿಕೆಯೂ ಹೋದರೆ ಧಾರೆಯ ಗತಿಯೇನು?

ಮೂಡುಬಿದಿರೆಗೆ ದಿಬ್ಬಣದ ಬಸ್ಸು ಹೊರಟಿತು. ವೇಣೂರು ದಾಟುವಾಗ ಮಾವನ ಮುಖ ಬಿಗಿಯಿತು. ಕೋಲು ಕುಟ್ಟಿದರು. ಕಂಡಕ್ಟರೇ ‘ಹೋಗು’ ಎಂದು ಬಡಿದನೆಂದುಕೊಂಡ ಡ್ರೈವರ್, ಹೊಂಡ ಗುಂಡಿ ನೋಡದೆ ಬಸ್ಸು ಹಾರಿಸಿದ! ಹೊಂಡಕ್ಕೊಂದು “ರಾಮಾ” ಎನ್ನುತ್ತ ಮಾವ ಊರು ತಲುಪಿದರು, ಇಳಿದವರೇ ಬೇಲಿಯತ್ತ ಓಡಿದರು.

ಮಂಟಪದ ಬಳಿ ಪುರೋಹಿತರು “ಕೋಲು ಹೊರಗಿಡಿ” ಎಂದಾಗ ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು. ಮಾವ ಬರಿಗೈಯಲ್ಲಿ ಕೂತರು. ಮಂತ್ರವೋ ಮುಗಿಯುವುದೇ ಇಲ್ಲ! ಅವರ ಹಣೆಯಲ್ಲಿ ಬೆವರು, ಬೆರಳು ತೊಡೆಯ ಮೇಲೆ ಮೂರು ಮೂರು ಸಲ ಕುಟ್ಟುತ್ತಿದೆ. ಆಮೇಲೆ ಧಾರೆಯ ನೀರು, ಸಣ್ಣಗೆ, ಸುಳುಸುಳು ಎಂದು... ಶತ್ರುವಿಗೂ ಬೇಡ ಆ ಸದ್ದು! ಮಾವ ಕಣ್ಣು ಮುಚ್ಚಿಕೊಂಡರು. ಏಳಲಿಲ್ಲ.

ಧಾರೆ ಮುಗಿದು ಅವರ ಕಾಲಿಗೆ ಬಿದ್ದಾಗ ತಡೆಯಲಾರದೆ ಹೇಳಿಬಿಟ್ಟೆ: “ಮಾವ, ಅದು ಹಾವು ಓಡಿಸುವ ಮದ್ದು!”

“ಗೊತ್ತು ಕಣೇ. ಅಜ್ಜಿ ಬಂದ ದಿನ ನಾನು ಜಗಲಿಯಲ್ಲೇ ಇದ್ದೆ. ನೀವು ಹೆದರ್ತೀರ ಅಂತ ಕುಟ್ತಾ ಇದ್ದೆ.”

“ಮತ್ತೆ ಇಷ್ಟು ಹೊತ್ತು ಹೇಗೆ ಕೂತಿರಿ?”

ಆಗ ನೋಡಿದೆ, ಅವರ ತುಟಿ ಒಣಗಿ ಒಡೆದಿತ್ತು. “ನಿನ್ನೆ ಮಧ್ಯಾಹ್ನದಿಂದ ಒಂದು ಹನಿ ನೀರು ಮುಟ್ಟಿಲ್ಲ. ಅಪ್ಪ ಇಲ್ಲದ ಮಗು ನೀನು. ನಿನ್ನ ಧಾರೆ ಬಿಟ್ಟು ಏಳೋಕಾಗುತ್ತೇನೇ ಪುಟ್ಟೀ?”

ಆಗ ತಾನೇ ಹಿಡಿದ ಗಂಡನ ಕೈ ಬಿಡಿಸಿಕೊಂಡು ಓಡಿಹೋಗಿ ಚೆಂಬು ತುಂಬ ನೀರು ತಂದೆ. ಮಾವ ಒಂದು ಹನಿ ಬಿಡದೆ ಗಟಗಟನೆ ಕುಡಿದರು.