ನಮ್ಮ ಪಿಕಪ್ಪಿನ ಹಲ್ಲಿನ ಟೈರುಗಳು

ದೆವ್ವ ಭೂತಗಳನ್ನು ನಾನು ನಂಬುವುದಿಲ್ಲ. ಅದಕ್ಕೇ ಇರಬೇಕು, ಯಾರಿಗೆ ಏನು ಕಂಡರೂ ನೇರವಾಗಿ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು.

ಆ ಮೇಜು ಇದ್ದದ್ದು ಕುಕ್ ಟೌನಿನ ಒಂದು ವೃದ್ಧಾಶ್ರಮದಲ್ಲಿ. ತೊಂಬತ್ತರ ದಶಕದಲ್ಲೂ ಅದರ ನಂತರ ಹಲವು ವರ್ಷವೂ ನಾನು ಅಲ್ಲಿ ಮೇಟ್ರನ್. ನಮಗೆ ಇನ್ನೊಂದು ಮನೆಯಿತ್ತು, ರಾಮಮೂರ್ತಿ ನಗರದಿಂದ ಆಚೆ, ಒಂದು ಕೆರೆಯ ಮಗ್ಗುಲಲ್ಲಿ. ಅಲ್ಲಿ ಹನ್ನೊಂದು ಜನ ವೃದ್ಧರು, ನೋಡಿಕೊಳ್ಳಲು ಒಬ್ಬ ಆಯಾ. ಅಡುಗೆ ಮಾತ್ರ ಕುಕ್ ಟೌನಿನಲ್ಲೇ. ಊಟ ಪಿಕಪ್ ಗಾಡಿಯಲ್ಲಿ ಹೋಗಿ ಸರಿಯಾಗಿ ಹನ್ನೆರಡೂವರೆಗೆ ತಲುಪಬೇಕು.

ಈ ಸಮಯದ ವಿಷಯದಲ್ಲಿ ನಾನು ನಿಷ್ಠುರಳಾಗಿದ್ದಕ್ಕೆ ಕಾರಣವಿದೆ. ಆ ಮನೆಯಲ್ಲಿ ಕಣ್ಣು ಕಾಣದ ಒಬ್ಬ ಅಜ್ಜಿ ಇದ್ದರು, ಅದೇ ಕೆರೆಯ ಕೆಳಗೆ ಹಿಂದೆ ರಾಗಿ ಬೆಳೆದಿದ್ದವರು. ಸಕ್ಕರೆ ಕಾಯಿಲೆ. ಹನ್ನೆರಡಕ್ಕೆ ಇಂಜೆಕ್ಷನ್, ಅರ್ಧ ಗಂಟೆಯೊಳಗೆ ಊಟ ಎಂದು ಡಾಕ್ಟರ್ ಬರೆದುಕೊಟ್ಟಿದ್ದರು. ಒಂದು ಮಳೆಗಾಲ ಕೆರೆಯ ಮಣ್ಣು ದಾರಿಯಲ್ಲಿ ಪಿಕಪ್ ಹೂತುಹೋಯಿತು. ಊಟ ಎರಡೂವರೆಗೆ ತಲುಪಿತು. ಅಷ್ಟರಲ್ಲಿ ಅಜ್ಜಿ ತಲೆ ಸುತ್ತಿ ಬಿದ್ದಿದ್ದರು. ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡೆವು. ಮರುದಿನವೇ ನಾನು ಟೈರು ಬದಲಾಯಿಸಲು ಶಿವಾಜಿನಗರಕ್ಕೆ ಹೊರಟೆ.

೧. ಹಲ್ಲು

ಟೈರಂಗಡಿಯ ಸಾಹೇಬರು ಒಳಗಿನಿಂದ ಒಂದು ಟೈರನ್ನು ಉರುಳಿಸಿಕೊಂಡು ಬಂದರು. ಕಪ್ಪಗೆ, ದಪ್ಪಗೆ, ಮೈತುಂಬ ಚೌಕ ಚೌಕ ಗಟ್ಟಿಗಳು, ನಡುವೆ ಆಳವಾದ ಸಂದಿಗಳು.

"ಇದು ಆಲ್ ಟೆರೇನ್ ಮೇಡಂ. ಕೆಸರು, ಮರಳು, ಕಲ್ಲು, ಏನೇ ಇರಲಿ, ಕಚ್ಕೊಂಡು ಹೋಗುತ್ತೆ. ಹಲ್ಲು ನೋಡಿ, ಹಲ್ಲು!"

ನಾನು ಸಂದಿಯೊಳಗೆ ಬೆರಳಿಟ್ಟು ಆಳ ನೋಡಿದೆ. ಅವರು ದನಿ ತಗ್ಗಿಸಿದರು. "ಕೈ ತೆಗೀರಿ ಮೇಡಂ. ಹೊಸದು, ಇನ್ನೂ ಅಭ್ಯಾಸ ಇಲ್ಲ."

ಅವರು ನಗಲಿಲ್ಲ. ನಾನು ಬೆರಳು ತೆಗೆದೆ.

ಮರುದಿನ ಪಿಕಪ್ ಅದೇ ಕೆಸರನ್ನು ನಿರಾಯಾಸವಾಗಿ ದಾಟಿ ಕೆರೆ ಮನೆಯ ಮುಂದೆ ನಿಂತಿತು. ಅಜ್ಜಿ ಬಂದು ಟೈರಿನ ಮೇಲೆ ಕೈಯಾಡಿಸಿದರು, ಬಹಳ ಹೊತ್ತು, ಮಗುವಿನ ಬಾಯೊಳಗೆ ಬೆರಳು ಹಾಕಿ ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು.

"ಈ ಮನೇಲಿ ಹನ್ನೊಂದು ಜನ ಇದೀವಿ. ಒಬ್ರಿಗೂ ನೆಟ್ಟಗೆ ಹಲ್ಲಿಲ್ಲ. ಹಲ್ಲಿರೋದು ಟೈರಿಗೆ. ಚಪಾತಿ ಅದಕ್ಕೇ ಹಾಕಮ್ಮ, ನಮಗೆ ಮುದ್ದೆ ಸಾಕು."

೨. ನಾಲ್ಕನೆಯ ನಿಂಬೆಹಣ್ಣು

ನಮ್ಮ ಡ್ರೈವರ್ ರಾಯಚೂರಿನ ಕಡೆಯವರು. ಗಾಡಿ ಓಡಿಸುವುದರಲ್ಲಿ ಅವರಷ್ಟು ಎಚ್ಚರದವರನ್ನು ನಾನು ನೋಡಿಲ್ಲ. ಕಾಣುವ ಅಪಾಯಕ್ಕೂ ಎಚ್ಚರ, ಕಾಣದ್ದಕ್ಕೂ ಎಚ್ಚರ.

ಆ ವರ್ಷದ ಆಯುಧಪೂಜೆಗೆ ಅವರು ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು ಇಟ್ಟು ಗಾಡಿಯನ್ನು ಮುಂದಕ್ಕೆ ಬಿಟ್ಟರು. ಮೂರು ಹಣ್ಣು ಚಪ್ಪಟೆಯಾದವು. ನಾಲ್ಕನೆಯದು ಇಲ್ಲ. ಒಡೆದಿಲ್ಲ, ಉರುಳಿಲ್ಲ, ಇಟ್ಟ ಜಾಗದಲ್ಲಿ ಒಂದು ಹನಿ ರಸವಿಲ್ಲ. ಅಂಗಳವೆಲ್ಲ ಹುಡುಕಿದೆವು. ಇಡುವಾಗ ನಾವೆಲ್ಲ ನೋಡಿದ್ದೆವು. ತೆಗೆದದ್ದನ್ನು ಯಾರೂ ನೋಡಿರಲಿಲ್ಲ.

"ಯಾರೋ ತಗೊಂಡಾರ್ರಿ ಮೇಡಂ" ಎಂದರು ಡ್ರೈವರ್. ಮುಖ ಬಿಳಿಚಿತ್ತು. "ಇನ್ನ ಅವರು ಗಾಡ್ಯಾಗ ಇರ್ತಾರ್ರಿ. ನಾ ಓಡ್ಸಂಗಿಲ್ಲ."

"ಊಟ ಹನ್ನೆರಡೂವರೆಗೆ. ಅವರು ಹಿಂದೆ ಕೂತುಕೊಳ್ಳಲಿ. ಸಾರಿನ ಪಾತ್ರೆ ಹಿಡಿದುಕೊಳ್ಳಲು ನಮಗೂ ಒಬ್ಬರು ಬೇಕು" ಎಂದೆ.

ಎರಡು ದಿನ ಅವರು ಹನುಮಪ್ಪನ ಹೆಸರು ಹೇಳಿಕೊಳ್ಳುತ್ತಲೇ ಓಡಿಸಿದರು. ಮೂರನೆಯ ದಿನ ತಪಾಸಣೆಗೆಂದು ನಾನೂ ಹೋಗಿದ್ದೆ. ಕೆರೆ ಮನೆಯ ಗೇಟಿನ ಹಳ್ಳಕ್ಕೆ ಚಕ್ರ ಇಳಿದು ಎದ್ದಿತು. ಮಣ್ಣು ಮೆತ್ತಿದ ಒಂದು ಗುಂಡನೆಯ ವಸ್ತು ಗಾಡಿಯ ಅಡಿಯಿಂದ ಬಿದ್ದು, ನಿಧಾನವಾಗಿ ಉರುಳುತ್ತಾ ಹೋಗಿ, ಜಗುಲಿಯ ಅಂಚಿನಲ್ಲಿ ಕೂತಿದ್ದ ಅಜ್ಜಿಯ ಪಾದಕ್ಕೆ ತಾಗಿ ನಿಂತಿತು. ಅಜ್ಜಿ ಎತ್ತಿ ಮೂಸಿದರು. ನಿಂಬೆಹಣ್ಣು. ಇಡೀ ಹಣ್ಣು.

ಟೈರಿನ ಹಲ್ಲು ಅದನ್ನು ಒಡೆಯದೆ ಕಚ್ಚಿ ಮೇಲಕ್ಕೆಸೆದಿತ್ತು. ಮಡ್‌ಗಾರ್ಡಿನೊಳಗಿನ ಮಣ್ಣಿನಲ್ಲಿ ಅದು ಮೂರು ದಿನ ಸಿಕ್ಕಿಕೊಂಡಿತ್ತು. ನಾನು ಇದನ್ನು ವಿವರಿಸುತ್ತಿದ್ದಂತೆ ಅಜ್ಜಿ ಆಯಾಳನ್ನು ಕರೆದು ಉಪ್ಪು, ಖಾರ ಕೇಳಿದರು. ಉಪ್ಪಿನಕಾಯಿ ಬೇಕೆಂದು ಅವರು ನನ್ನನ್ನು ಪೀಡಿಸುತ್ತಲೇ ಇದ್ದರು, ನಾನು ಕೊಟ್ಟಿರಲಿಲ್ಲ.

ಡ್ರೈವರ್ ಕೂಗಿಕೊಂಡರು. "ಅಜ್ಜೀ, ಬ್ಯಾಡ! ಅದು ದೃಷ್ಟಿ ತೆಗದ ಹಣ್ಣು!"

"ನನಗೆ ದೃಷ್ಟಿನೇ ಇಲ್ಲ ಮಗಾ. ಇನ್ನ ಯಾವ ದೃಷ್ಟಿ ತಾಗ್ತದೆ?"

೩. ನಲವತ್ತು

ದೀಪಾವಳಿಯ ಹೊತ್ತಿಗೆ ಹಳೆ ಮದ್ರಾಸ್ ರಸ್ತೆಗೆ ಹೊಸ ಡಾಂಬರು ಬಿತ್ತು. ಹಲಸೂರಿನಲ್ಲಿ ತರಕಾರಿ ಹಾಕಿಕೊಂಡು ಆ ದಾರಿಯಲ್ಲೇ ನಮ್ಮ ಗಾಡಿ ಕೆರೆ ಮನೆಗೆ ಹೋಗುವುದು. ಡಾಂಬರು ಬಿದ್ದ ವಾರ ಡ್ರೈವರ್ ಗಾಡಿಯ ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟರು.

"ನಾ ಊರಿಗೆ ಹೊಂಟೀನ್ರಿ ಮೇಡಂ. ಗಾಡ್ಯಾಗ ಒಬ್ಬ ಹೆಣ್ಮಗಳು ಕುಂತು ಅಳಾಕತ್ತಾಳ್ರಿ."

"ಎಲ್ಲಿ ಕೂತಿದ್ದಾಳೆ?"

"ಸಾರಿನ ಪಾತ್ರಿ ಹಿಂದ ಇರಬೇಕ್ರಿ. ಗಾಡಿ ನಿಂದ್ರಿಸಿದ್ರ ಸುಮ್ಮನಾಗ್ತಾಳ. ಹೊಂಟ್ರ ಸುರು ಮಾಡ್ತಾಳ."

ಅವರು ಹೋದರೆ ಆ ಗಾಡಿಯನ್ನು ಮುಟ್ಟಲು ಬೇರೆ ಯಾರೂ ಬರುವಂತಿರಲಿಲ್ಲ. ನಿಂಬೆಹಣ್ಣಿನ ಕಥೆ ಅಷ್ಟು ದೂರ ಹರಡಿತ್ತು. ನಾನೇ ಪಕ್ಕದಲ್ಲಿ ಕೂತು ಹೊರಟೆ. ಹಲಸೂರು ದಾಟುವವರೆಗೆ ಏನೂ ಇಲ್ಲ. ಸಮಾಧಿಗಳಿರುವ ಸ್ಮಶಾನದ ಉದ್ದನೆಯ ಗೋಡೆ ಬಂತು. ಹೊಸ ಡಾಂಬರು ಶುರುವಾಗುವುದು ಸರಿಯಾಗಿ ಅಲ್ಲೇ. ಅವಳೂ ಅಲ್ಲೇ ಶುರು ಮಾಡಿದಳು.

ಮೊದಲು ಸಣ್ಣಗೆ, ಮೂಗಿನಲ್ಲಿ. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತ ಹಾಗೆ. ತಿರುಗಿ ನೋಡಿದೆ. ಪಾತ್ರೆಗಳು, ಬಾಳೆ ಎಲೆಯ ಕಟ್ಟು, ಮಧ್ಯಾಹ್ನದ ಬಿಸಿಲು. ಬೇರೆ ಯಾರೂ ಇಲ್ಲ. ಕಾನ್ವೆಂಟಿನ ಕಾಯರ್ ಹಾಡುಗುಂಪಿನಲ್ಲಿ ಏಳು ವರ್ಷ ಪಳಗಿದ ಕಿವಿ ನನ್ನದು. ಎಂಥ ಗಾಯಕಿಯೂ ನಡುವೆ ಉಸಿರು ತೆಗೆದುಕೊಳ್ಳಲೇಬೇಕು. ಇವಳು ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ತೋಳಿನ ಕೂದಲು ನೆಟ್ಟಗೆ ನಿಂತಿತು. ಸೆರಗು ಹೊದ್ದುಕೊಂಡೆ, ಅದು ಡ್ರೈವರ್ ನೋಡಬೇಕಾದ ವಿಷಯವಲ್ಲ.

"ನಿಧಾನ ಮಾಡಿ" ಎಂದೆ. ಗಾಡಿ ನಿಧಾನವಾಯಿತು. ಅವಳ ಸ್ವರವೂ ಇಳಿಯಿತು. "ಈಗ ಜೋರು ಮಾಡಿ." ಏರಿತು.

ಗಾಡಿ ಖಾಲಿಯಾದ ಮೇಲೆ ಇಬ್ಬರೂ ಸೀದಾ ಟೈರಂಗಡಿಗೆ ಹೋದೆವು. ಸಾಹೇಬರು ಶಾಂತವಾಗಿ ಕೇಳಿಸಿಕೊಂಡರು.

"ರಸ್ತೆ ನುಣುಪಾದ್ರೆ ಹಲ್ಲಿನ ಸಂದೀಲಿ ಗಾಳಿ ಸೇರಿ ಹಾಡುತ್ತೆ ಮೇಡಂ. ಸ್ಪೀಡ್ ಎಷ್ಟಿತ್ತು?"

"ನಲವತ್ತು ದಾಟಿತ್ತು."

"ಹಾಗಂದ್ರೆ ಸರಿಯಾಗೇ ಇದೆ. ನಲವತ್ತು ದಾಟಿದ ಮೇಲೆ ಸ್ವಲ್ಪ ಗೊಣಗಾಟ ಇದ್ದೇ ಇರುತ್ತಲ್ಲ ಮೇಡಂ."

ಆಗ ನನಗೆ ನಲವತ್ತೇಳು. ಡ್ರೈವರ್ ಬೀದಿಯ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದರು. ಬೀಗದ ಕೈಯನ್ನು ಮಾತ್ರ ವಾಪಸು ತೆಗೆದುಕೊಂಡರು.

೪. ನಾಳೆ ಬಾ

ಆ ಸದ್ದು ಕೆರೆ ಮನೆಯವರಿಗೆ ಊಟದ ಗಂಟೆಯಾಯಿತು. ದೂರದ ಡಾಂಬರು ರಸ್ತೆಯಲ್ಲಿ ಹುಟ್ಟಿ, ನೀರಿನ ಮೇಲೆ ಹಾದು, ಗಾಡಿಗಿಂತ ಎಷ್ಟೋ ಮೊದಲೇ ಬರುತ್ತಿತ್ತು. ಅಜ್ಜಿ ಮೊದಲು ಕೇಳಿಸಿಕೊಂಡು "ಬಂದ್ಲು" ಎಂದು ಕೈ ತೊಳೆಯಲು ಏಳುತ್ತಿದ್ದರು. ಹಿಂದೆಯೇ ಉಳಿದ ಹತ್ತು ಜನ.

ಆದರೆ ಪಕ್ಕದಲ್ಲಿ ಹೊಸದಾಗಿ ಎದ್ದಿದ್ದ ಬಾಡಿಗೆ ಮನೆಗಳ ಸಾಲಿಗೆ ಇದು ತಿಳಿಯದು. ಅವರಿಗೆ ಕೇಳುತ್ತಿದ್ದದ್ದು ಇಷ್ಟೇ: ಮಟಮಟ ಮಧ್ಯಾಹ್ನ, ಎಲೆ ಅಲ್ಲಾಡದ ಹೊತ್ತಿನಲ್ಲಿ, ಕೆರೆಯ ಮೇಲೆ ಯಾರೋ ಅಳುತ್ತಾರೆ. ಮಳೆ ಬಂದ ಮೇಲೆ ಕಣ್ಣಿಗೂ ಸಾಕ್ಷಿ ಸಿಕ್ಕಿತು. ದಾರಿಯ ಕೆಸರಿನಲ್ಲಿ ಎರಡು ಸಾಲು ಹಲ್ಲಿನ ಗುರುತು, ನೇರವಾಗಿ ನಮ್ಮ ಗೇಟಿನವರೆಗೆ. ಬಂದ ಗುರುತು ಇದೆ, ಹೋದದ್ದಿಲ್ಲ. ಗಾಡಿ ತಿರುಗಿಸಲು ಅಲ್ಲಿ ಜಾಗವಿರಲಿಲ್ಲ, ಡ್ರೈವರ್ ಅದೇ ಜಾಡಿನಲ್ಲಿ ಹಿಂದಕ್ಕೆ ಹೋಗುತ್ತಿದ್ದರು ಎಂದು ಅವರಿಗೆ ಹೇಳುವವರು ಯಾರು?

ಆ ಕಾಲದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿತ್ತು. ದೆವ್ವ ಓದಿಕೊಂಡು ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಬಾಡಿಗೆ ಮನೆಯವರು ತಮ್ಮ ಬಾಗಿಲುಗಳಿಗೆ ಬರೆದುಕೊಂಡರು. ಪಾಪ, ಒಳ್ಳೆಯವರು. ನಮ್ಮ ಗೇಟಿಗೂ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರು.

ಆ ದಿನ ಮಧ್ಯಾಹ್ನ ಒಂದು ಗಂಟೆಗೆ ಪಿಕಪ್ ಕುಕ್ ಟೌನಿಗೆ ವಾಪಸು ಬಂತು. ಪಾತ್ರೆಗಳು ತುಂಬಿದ ಹಾಗೇ ಇದ್ದವು.

"ಯಾಕೆ ಊಟ ಕೊಟ್ಟಿಲ್ಲ?"

"ಗೇಟಿನ ಮ್ಯಾಲ 'ನಾಳೆ ಬಾ' ಅಂತ ಬರದಿತ್ತಲ್ರಿ. ನೋಟೀಸ್ ಎಲ್ಲಾ ನೀವ ಬರೀತೀರಿ. ನಿಮ್ಮ ಆರ್ಡರ್ ಅಂತ ತಿಳಕೊಂಡ್ನಿ."

ಅಷ್ಟು ವೇಗವಾಗಿ ಆ ಗಾಡಿ ಅದಕ್ಕೆ ಮೊದಲು ಎಂದೂ ಓಡಿರಲಿಲ್ಲ. ದಾರಿಯುದ್ದಕ್ಕೂ ಟೈರು ಚೀರುತ್ತಿತ್ತು. ನಾನೂ ಮನಸ್ಸಿನೊಳಗೆ ಅದನ್ನೇ ಮಾಡುತ್ತಿದ್ದೆ. ಅಜ್ಜಿ ಮಂಚದ ಮೇಲೆ ಬೆವರಿ ಒದ್ದೆಯಾಗಿ ಮಲಗಿದ್ದರು. ನಾನು ಹಿಂದೆಯೇ ತಂದಿಟ್ಟಿದ್ದ ಗ್ಲೂಕೋಸ್ ಡಬ್ಬಿಯಿಂದ ಆಯಾ ಕುಡಿಸಿದ್ದಳು, ಅಷ್ಟರಿಂದ ಉಳಿದಿದ್ದರು. ಅವರು ಎದ್ದು ಕೂತು ನಾಲ್ಕು ತುತ್ತು ತಿಂದ ಮೇಲೆ ನಾನು ಡ್ರೈವರ್ ಕಡೆ ತಿರುಗಿದೆ.

"ನನ್ನ ಹತ್ತಿರ ಇಷ್ಟು ವರ್ಷ ಕೆಲಸ ಮಾಡಿದ್ದೀರಿ. ನಾನು ಯಾರಿಗಾದರೂ 'ಬಾ' ಅಂದದ್ದು ಕೇಳಿದ್ದೀರಾ? ನಾನು ಬರೆದಿದ್ದರೆ 'ನಾಳೆ ಬನ್ನಿ' ಎಂದು ಇರುತ್ತಿತ್ತು."

ಅಳಿಸಲು ಹೋದರೆ ಬಾಡಿಗೆ ಮನೆಯ ಹೆಂಗಸರು ಕೈಮುಗಿದು ಬೇಡವೆಂದರು. ಸರಿ, ಇರಲಿ ಎಂದೆ. ಆದರೆ ನನ್ನ ಗೇಟಿನ ಮೇಲಿನ ಬರಹ ನನ್ನ ಅಕ್ಷರದಲ್ಲೇ ಇರಬೇಕು. ಬಹಳ ಕಾಲ ಅದು ಅಲ್ಲಿ ಹೀಗಿತ್ತು:

"ದಯವಿಟ್ಟು ನಾಳೆ ಬನ್ನಿ. ಊಟದ ಗಾಡಿಗೆ ಇದು ಅನ್ವಯಿಸುವುದಿಲ್ಲ."

೫. ಶ್ರುತಿ

ಒಂದು ಸೆಟ್ ಸವೆಯಿತು, ಅಂಥದ್ದೇ ಇನ್ನೊಂದು ಸೆಟ್ ಹಾಕಿಸಿದೆವು. ಅದೂ ಸವೆಯುವ ಹೊತ್ತಿಗೆ ಕೆರೆ ಮನೆಯ ಗೇಟಿನವರೆಗೂ ಡಾಂಬರು ಬಂದಿತ್ತು. ಹಲ್ಲು ಇನ್ನೇಕೆ ಎಂದು ಮಾಮೂಲಿ ಟೈರು ಹಾಕಿಸಿದೆ. ಗಾಡಿ ರೇಷ್ಮೆಯ ಹಾಗೆ ಓಡಿತು. ನಾನು ಹೆಮ್ಮೆಪಟ್ಟೆ.

ಹನ್ನೆರಡೂ ಮುಕ್ಕಾಲಿಗೆ ಆಯಾಳ ಫೋನು. "ಮೇಡಮ್ಮಾ, ಅಜ್ಜಿ ತಟ್ಟೆ ಮುಟ್ತಾ ಇಲ್ಲ. ಇಂಜೆಕ್ಷನ್ ಆಗೋಗಿದೆ."

ಅಜ್ಜಿಯ ವಾದ ಸ್ಪಷ್ಟವಾಗಿತ್ತು. ಈಗ ಆ ದಾರಿಯಲ್ಲಿ ದಿನಕ್ಕೆ ನೂರು ಇಂಜಿನ್ ಓಡಾಡುತ್ತವೆ. ಊಟದ ಗಾಡಿ ಎಂದರೆ ಅಳುವ ಗಾಡಿ. ಅದು ಬಂದಿಲ್ಲ. ಆದರೂ ಅನ್ನ ಬಂದಿದೆ. "ಸದ್ದಿಲ್ದಂಗೆ ಬರೋನು ಒಬ್ಬನೇ, ಕೋಣದ ಮೇಲೆ ಬರೋನು. ಅವನ ಅನ್ನ ನಾನು ಉಣ್ಣಕ್ಕಿಲ್ಲ." ಇದನ್ನು ಕೇಳಿ ಉಳಿದ ಹತ್ತು ಜನವೂ ತಟ್ಟೆ ದೂರ ತಳ್ಳಿದ್ದರು.

ಡ್ರೈವರ್ ಗಾಡಿಯನ್ನು ದಾರಿಯ ತಿರುವಿನವರೆಗೆ ಹಿಂದಕ್ಕೆ ಒಯ್ದರಂತೆ. ಅಲ್ಲಿಂದ ಕಿಟಕಿಯ ಹೊರಗೆ ತಲೆ ಹಾಕಿ, ಮೂಗಿನಲ್ಲಿ "ಊಂಂಂ" ಎನ್ನುತ್ತಾ ಬಂದರಂತೆ. ಅಜ್ಜಿ "ಬಂದ್ಲು" ಎಂದು ಕೈ ತೊಳೆದರಂತೆ. ಹಿಂದೊಮ್ಮೆ ಆ ಸದ್ದಿಗೆ ಹೆದರಿ ಊರಿಗೆ ಹೊರಟಿದ್ದ ಮನುಷ್ಯ ಅಂದಿನಿಂದ ಪ್ರತಿದಿನ ತಾವೇ ಆ ಹೆಣ್ಣಾದರು.

ಕೆಲವು ತಿಂಗಳ ಮೇಲೆ ಅವರಿಗೆ ಶೀತವಾಗಿ ಗಂಟಲು ಪೂರ್ತಿ ಕಟ್ಟಿತು. ಕೈಸನ್ನೆಯಲ್ಲಿ ತಿಳಿಸಿದರು. ಗಾಡಿ ಓಡಿಸಬಲ್ಲೆ, ಅಳಲಾರೆ.

ಸೀರೆಯ ನೆರಿಗೆ ಸರಿಮಾಡಿಕೊಂಡು ನಾನು ಪಕ್ಕದಲ್ಲಿ ಕೂತೆ. ತಿರುವು ಬಂತು. ಏಳು ವರ್ಷ ಕಾಯರ್‌ನಲ್ಲಿ ಹಾಡಿದವಳಿಗೆ ಒಂದು ಟೈರಿನ ಸ್ವರ ದೊಡ್ಡದೇ? ಕಿಟಕಿಯಿಂದ ತಲೆ ಹೊರಗೆ ಹಾಕಿ ಶುರು ಮಾಡಿದೆ. ಎದುರಿಗೆ ಮೊಪೆಡ್ಡಿನಲ್ಲಿ ಬಂದವರೊಬ್ಬರು ನನ್ನನ್ನು ನೋಡಿ ಮೊಪೆಡ್ ಸಮೇತ ಬೇಲಿಗೆ ಹೋದರು. ನಾನು ನಿಲ್ಲಿಸಲಿಲ್ಲ. ಗೇಟಿನ ಮುಂದೆ ಗಾಡಿ ನಿಂತ ಮೇಲೆ ಬಾಯಿ ಮುಚ್ಚಿದೆ.

ಸದ್ದು ನಿಲ್ಲಲಿಲ್ಲ.

ಡ್ರೈವರ್ ಕಡೆ ನೋಡಿದೆ. ತುಟಿ ಬಿಗಿದಿತ್ತು, ಕಣ್ಣು ಅಗಲವಾಗಿತ್ತು. ಅವರು ಇಂಜಿನ್ ಆರಿಸಿದರು. ಬಿಸಿಲು ಸುಮ್ಮನೆ ಬಿದ್ದಿತ್ತು. ಆ ಮೌನದಲ್ಲಿ ಅದೇ ಸ್ವರ, ನಾನು ಹಲಸೂರಿನಾಚೆ ಸಮಾಧಿ ಗೋಡೆಯ ಪಕ್ಕದಲ್ಲಿ ಕೇಳಿದ್ದೇ ಅದು. ಒಂದು ಸಲವೂ ಉಸಿರು ತೆಗೆದುಕೊಳ್ಳದ ಸ್ವರ. ಇಷ್ಟು ವರ್ಷ ನಂಬದೆ ಇದ್ದದ್ದಕ್ಕೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಲು ಶುರು ಮಾಡಿದೆ. ಹಾಗೆಯೇ ಗೇಟು ತಳ್ಳಿದೆ.

ಜಗುಲಿಯ ಮೇಲೆ ಹನ್ನೊಂದು ಜನ ಸಾಲಾಗಿ ಕೂತಿದ್ದರು. ಕೈ ತೊಳೆದಾಗಿತ್ತು, ತಟ್ಟೆ ಮುಂದಿತ್ತು, ಬಾಯಿ ಮುಚ್ಚಿತ್ತು. ಒಬ್ಬರ ಉಸಿರು ಮುಗಿದರೆ ಇನ್ನೊಬ್ಬರು ಹಿಡಿಯುತ್ತಾ, ಮೂಗಿನಲ್ಲಿ ಹಾಡುತ್ತಿದ್ದರು. ಅಜ್ಜಿ ಕೈಯೆತ್ತಿದರು. ಎಲ್ಲರೂ ಒಟ್ಟಿಗೆ ನಿಲ್ಲಿಸಿದರು.

"ಗೊತ್ತಾಯ್ತಾ? ಹಿಂಗಿತ್ತು ಅದು. ನೀನು ಎಲ್ಲೆಲ್ಲೋ ಹೋಯ್ತಿದ್ದೆ."

"ಅಂದರೆ ಇಷ್ಟು ದಿನವೂ ನಿಮಗೆ ಗೊತ್ತಿತ್ತೇ?"

"ಎರಡನೇ ದಿನಾನೇ ಗೊತ್ತಾಯ್ತು. ಟೈರು ನಡುವೆ ಕೆಮ್ಮಕ್ಕಿಲ್ಲ ಕಣಮ್ಮ."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ಅಷ್ಟು ದೂರದಿಂದ ಕೂಗ್ಕೊಂಡು ಬಂದು ಉಣ್ಣಕ್ಕೆ ಕರೀತಾನೆ. ಬ್ಯಾಡ ಅನ್ನಕ್ಕಾಗ್ತದಾ?" ಅಜ್ಜಿ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಬಡ್ಸು, ಹೊತ್ತಾಯ್ತು. ಅದ್ಸರಿ, ಏಳು ವರ್ಷ ಕಾನ್ವೆಂಟಲ್ಲಿ ಹಾಡು ಕಲ್ತೆ ಅಂತ ಯಾವಾಗ್ಲೂ ಹೇಳ್ತಿದ್ದೆಯಲ್ಲ. ಆ ಟೈರು ಯಾವ ಕಾನ್ವೆಂಟಿಗೆ ಹೋಗಿತ್ತಮ್ಮ?"